ಮೇಜಿನ ಮೇಲಿನ ತಣ್ಣನೆಯ ಗುರುತು

ಗಾಜಿನ ಸಾಮಾನು ತೊಳೆಯುವವನು ವಿಜ್ಞಾನದ ಕಥೆ ಹೇಳಹೊರಟಿದ್ದೇನೆ, ಕ್ಷಮೆಯಿರಲಿ. ನನಗೆ ಗೊತ್ತಿರುವುದು ಸಂಜೆ ಕಾಲೇಜಿನಲ್ಲಿ ಕಲಿತಷ್ಟೇ. ತಪ್ಪಿದ್ದರೆ ತಿದ್ದಿಕೊಳ್ಳಿ.

ಅಂದು ಮಧ್ಯಾಹ್ನ ನಮ್ಮ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿಯ ಎರಡು ವರ್ಷದ ದುಡಿಮೆ ಮಣ್ಣುಪಾಲಾಗಿತ್ತು. ಕಪ್ಪೆಮೊಟ್ಟೆಯಿಂದ ತೆಗೆದ ಲೋಳೆಗೆ ಅವಳು ಒಂದು ಪ್ರೋಟೀನ್ ಬೆರೆಸಿದ್ದಳು; ಹೋಲಿಸಿ ನೋಡಲು ಇನ್ನೊಂದು ಕೊಳವೆಯ ಲೋಳೆಯನ್ನು ಹಾಗೇ ಬಿಟ್ಟಿದ್ದಳು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ನೂಲುಗಳಿವೆಯಲ್ಲ, ಅವನ್ನು ಚರಕದ ಕದಿರಿನ ಆಕಾರಕ್ಕೆ ಕಟ್ಟುವುದು ಈ ಪ್ರೋಟೀನೇ ಎಂಬುದು ಅವಳ ವಾದ. ಆದರೆ ಸೂಕ್ಷ್ಮದರ್ಶಕದಲ್ಲಿ — ಒಂದು ನೂಲೂ ಇಲ್ಲ!

“ಹಿಂದೆ ಮೂರು ಸಲ ಕದಿರು ಬಂದಿತ್ತು ಅಣ್ಣಾ,” ಎಂದಳು ನನಗೆ.

“ಸುಳ್ಳು!” ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಸರ್. “ಆ ಪ್ರೋಟೀನ್ ಏನೂ ಮಾಡಲ್ಲ ಅಂತ ನನ್ನ ಪುಸ್ತಕದಲ್ಲೇ ಬರೆದಿದೀನಿ. ನಿನ್ನ ಕೊಳವೆಗಳನ್ನ ನಾನೇ ತರಿಸ್ಕೊಂಡಿದ್ದೆ; ಒಂದು ಗಂಟೆ ನನ್ನ ರೂಮಲ್ಲಿ, ಮೇಜಿನ ಮೇಲೆ, ನನ್ನ ಕಣ್ಣೆದುರಿಗೇ ಇತ್ತು. ನಾಳೆಯಿಂದ ಬರ್ಬೇಡ.”

ಲೋಳೆ ಅಂಟಿದ ಬೆರಳನ್ನು ಅವಳ ನೋಟ್‌ಬುಕ್ಕಿನ ಹಾಳೆಗೇ ಒರೆಸಿದರು.

ಸೂಕ್ಷ್ಮದರ್ಶಕಗಳ ಉಸ್ತುವಾರಿಯ ಹಿರಿಯಾಕೆ — ನಮ್ಮ ಬಾಯಲ್ಲಿ ‘ಭೂತಗನ್ನಡಿ’ — ನನ್ನತ್ತ ತಿರುಗಿದರು.

“ಏನಪ್ಪಾ, ಸರ್ ಮೇಜು ಒರೆಸಿದ್ದು ನೀನೇನಾ?”

“ಹೌದಮ್ಮಾ. ತಪ್ಪಾಯ್ತಾ?”

“ಏನಿತ್ತು ಅಲ್ಲಿ?”

“ನೀರು... ಗುಂಡಗೆ, ತಟ್ಟೆಯಷ್ಟಗಲ. ತಣ್ಣಗಿತ್ತು.”

“ಚಹಾ ಲೋಟದ್ದು,” ಎಂದರು ಸರ್.

“ಅಷ್ಟಗಲದ ಲೋಟದಲ್ಲಿ ಚಹಾ ಕುಡೀತೀರಾ ಸರ್? ಅದೂ ತಣ್ಣಗೆ?” ಎಂದರು ಆಕೆ.

ಫ್ರಿಜ್ಜಿಗೆ ಸೇರಿದ್ದ, ಅದೇ ಎರಡು ಕೊಳವೆಗಳಲ್ಲಿ ಉಳಿದ ಲೋಳೆಯನ್ನು ಹೊರತೆಗೆದು ಎಲ್ಲರೆದುರು ಮೇಜಿನ ಮೇಲೆ ಇಟ್ಟರು. ಅರ್ಧ ಗಂಟೆ. ಹಸಿ ಲೋಳೆಯ ನಾತ ಮೂಗಿಗೆ ಅಡರುತ್ತಿತ್ತು. ಬಳಿಕ ಎರಡರಿಂದಲೂ ಒಂದೊಂದು ಹನಿ ಮಸೂರದಡಿ ಹೋಯಿತು. ಹುಡುಗಿ ಇಣುಕಿದಳು — ಅತ್ತೇಬಿಟ್ಟಳು. ಕದಿರು ಕಟ್ಟಿತ್ತು! ಪ್ರೋಟೀನ್ ಹಾಕದ ಕೊಳವೆಯಲ್ಲಿ ಮಾತ್ರ ನೂಲುಗಳು ಚೆಲ್ಲಾಪಿಲ್ಲಿ.

“ಈ ನೂಲು ಚಳಿಗೆ ಬಿಚ್ಚಿಹೋಗುತ್ತೆ, ಬೆಚ್ಚಗಾದ್ರೆ ಮತ್ತೆ ಕಟ್ಕೊಳ್ಳುತ್ತೆ,” ಎಂದರು ಭೂತಗನ್ನಡಿ. “ಒಂದು ಗಂಟೆ ಬರೀ ಮೇಜಿನ ಮೇಲಿದ್ದಿದ್ರೆ ಆಗ್ಲೇ ಕಾಣ್ಬೇಕಿತ್ತು. ಇವನು ಒರೆಸಿದ್ದು ಐಸ್ ಬಕೆಟ್ಟಿನ ಗುರುತು. ಕೊಳವೆಗಳನ್ನ ಅದರಲ್ಲಿ ಇಟ್ಟವರು ಯಾರು? ನಿಮ್ಮ ಕಣ್ಣೆದುರಿಗೇ ಇತ್ತು ಅಂದವರು ನೀವೇ ಸರ್.”

ಸರ್ ನಕ್ಕರು. ಆ ನಗು ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ಹುಡುಗಿಯ ಕೆಲಸ ಉಳಿಯಿತು. ಆದರೆ ಸರ್ ಬೀರುವಿನಲ್ಲಿ, ಅವರು ಹಿಂದೆ ಓಡಿಸಿದವರ ಏಳು ನೋಟ್‌ಬುಕ್ಕುಗಳಿವೆ. ಅವರಲ್ಲಿ ಎಷ್ಟು ಜನ ನಿಜ ಹೇಳಿದ್ದರೋ ಗೊತ್ತಿಲ್ಲ. ಒಂಬತ್ತು ವರ್ಷದಿಂದ ಆ ಮೇಜನ್ನು ಒರೆಸುತ್ತಿರುವವನು ನಾನೇ. ಎಷ್ಟು ಗುರುತು ಒರೆಸಿಹಾಕಿದ್ದೇನೋ, ಅದೂ ಗೊತ್ತಿಲ್ಲ.