ಕೋಡಿಯ ಮೇಲೆ ಬಿದ್ದ ಏಟು

ದೊಣ್ಣೆ ನೇರವಾಗಿ ಕಾಂತರಾಜನ ಹಣೆಗೇ ಬಿತ್ತು. ಬೀಸಿದವಳು ಕೃತಿಕಾ!

ಸಿಂಗಟಗೆರೆ ಸಂತೆಯಲ್ಲಿ ವಾರವಾರವೂ ಅವಳನ್ನು ಕಣ್ಣಲ್ಲೇ ಮಾತಾಡಿಸುತ್ತಿದ್ದವನು ಅವನು. ಬೇಡದ ಸೊಪ್ಪು ಕೊಳ್ಳುವ ನೆಪದಲ್ಲಿ ಅವನ ಈರುಳ್ಳಿ ರಾಶಿಯ ಮುಂದೆಯೇ ಸುಳಿದಾಡುತ್ತಿದ್ದವಳು ಅವಳು. ಇಬ್ಬರ ನಡುವೆ ಇದುವರೆಗೆ ಒಂದು ಮಾತೂ ಆಗಿರಲಿಲ್ಲ.

"ನೀವಾ...?" ಎಂದ ಕಾಂತರಾಜ್. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಕೈಯಲ್ಲಿ ಹಾರೆ ಇತ್ತು.

"ಹೌದು, ನಾನೇ! ನಮ್ಮೂರ ಅನ್ನಕ್ಕೆ ಕಲ್ಲು ಹಾಕೋಕೆ ಬಂದ್ರಾ? ಥೂ!"

ಕೆರೆ ತುಂಬಿದರೆ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದುಹೋಗಬೇಕು. ಬೇಸಿಗೆ ಬೆಳೆಗೂ ಇರಲಿ ಎಂಬ ದುರಾಸೆಗೆ ಕೆರೆಯ ಕೆಳಗಿದ್ದ ಕೃತಿಕಾಳ ಊರಿನವರು ಕೋಡಿಗೆ ಮರಳಿನ ಚೀಲ ಪೇರಿಸಿದ್ದರು. ನೀರು ಹಿಂದಕ್ಕೆ ಒತ್ತಿ ಮೇಲಿನ ಊರಿನ ಈರುಳ್ಳಿ ಹೊಲಗಳನ್ನು ಮುಳುಗಿಸಿತ್ತು. ಕಾಂತರಾಜ್ ಮೇಲಿನ ಊರಿನವನು. ಹಾರೆ ಹಿಡಿದು ಬಂದವನನ್ನು ಕೃತಿಕಾ ಬೇರೇನೆಂದುಕೊಂಡಾಳು?

"ಸ್ವಲ್ಪ ಕೇಳಿ ಕೃತಿಕಾ... ನಿಮ್ಮ ಕೆರೆ ಏರಿ..."

ಅಷ್ಟರಲ್ಲಿ ಅವಳಪ್ಪ ಷಣ್ಮುಖಪ್ಪ ಊರವರನ್ನು ಕಟ್ಟಿಕೊಂಡು ಬಂದೇಬಿಟ್ಟ.

"ಬಡೀರೋ ಇವನನ್ನ! ನಮ್ಮ ಕೋಡಿಗೆ ಕೈಯಿಡ್ತಾನಾ?"

ಒದ್ದರು, ಕೆಸರಿನಲ್ಲಿ ಎಳೆದಾಡಿದರು, ಬಾಯಲ್ಲಿ ರಕ್ತ ಬರುವವರೆಗೂ ಬಡಿದು ಬಿಸಾಕಿದರು. ಒಬ್ಬನ ಮೇಲೆ ಊರೇ ಬಿದ್ದು ಅದನ್ನೇ ಗಂಡಸ್ತನ ಎಂದುಕೊಂಡರು, ದೊಡ್ಡ ಮನುಷ್ಯರು!

'ಮೊದಲ ಏಟು ನನ್ನದೇ ಅಲ್ವಾ...' ಕೃತಿಕಾಗೆ ನೋಡಲಾಗಲಿಲ್ಲ. ಮನೆಗೆ ಓಡಿದಳು.

ಏರಿಯ ಬುಡದಲ್ಲೇ ಇದ್ದ ಮನೆ ಅದು. ಕೊಟ್ಟಿಗೆಯ ಹಿಂದೆ ನೆಲದಿಂದ ನೀರು ಉಕ್ಕುತ್ತಿತ್ತು. ಮಳೆಗಾಲದಲ್ಲಿ ಅಲ್ಲಿ ತಿಳಿನೀರು ಜಿನುಗುವುದು ಮಾಮೂಲು. ಆದರೆ ಇದು ಕೆಂಪು ರಾಡಿ! ಏರಿಯೊಳಗಿನ ಮಣ್ಣೇ ಕೊಚ್ಚಿಕೊಂಡು ಬರುತ್ತಿದೆ. ಏರಿ ಒಡೆದರೆ ಊರೇ ಹೋಗುತ್ತದೆ.

'ಅಯ್ಯೋ ದೇವರೇ... ಅವರು ಹೇಳೋಕೆ ಬಂದಿದ್ದು ಇದನ್ನೇ!'

"ಅವ್ವಾ, ಕೊಟ್ಟಿಗೆ ಹಿಂದೆ ನೋಡು!" ಎಂದು ಕೂಗಿ ಕೃತಿಕಾ ಕೋಡಿಗೆ ಓಡಿದಳು.

"ಅಪ್ಪಾ, ಚೀಲ ತೆಗೀರಿ! ಏರಿ ಕೆಳಗೆ ರಾಡಿ ಬರ್ತಿದೆ!"

"ಇವನ ಮೇಲೆ ಮನಸ್ಸಾಗಿ ಸುಳ್ಳು ಬೊಗಳ್ತೀಯೇನೇ?"

"ಹೌದು, ಮನಸ್ಸಿದೆ! ಆದ್ರೆ ಸುಳ್ಳಲ್ಲ!"

ಬಿದ್ದಿದ್ದ ಹಾರೆ ಎತ್ತಿ ಮೊದಲ ಚೀಲಕ್ಕೆ ಚುಚ್ಚಿದಳು. ಅಪ್ಪನ ದೊಣ್ಣೆ ಭುಜಕ್ಕೆ ಬಿತ್ತು. ಕುಸಿದಳು... ಎದ್ದಳು... ಮತ್ತೊಂದು ಚೀಲ ಸೀಳಿದಳು. ಷಣ್ಮುಖಪ್ಪ ಮತ್ತೆ ದೊಣ್ಣೆ ಎತ್ತಿದ.

ಈ ಏಟು ಅವಳ ಮೇಲೆ ಬೀಳಲಿಲ್ಲ. ತೆವಳಿಕೊಂಡು ಬಂದ ಕಾಂತರಾಜ್ ಅದಕ್ಕೆ ಬೆನ್ನು ಕೊಟ್ಟಿದ್ದ.

"ನನಗೆ ಹೊಡೀರಿ ಯಜಮಾನ್ರೇ... ಅವರಿಗೆ ಬೇಡ."

ಏದುಸಿರು ಬಿಡುತ್ತಾ ಬಂದ ಅವಳ ತಾಯಿ ತೀರ್ಥಮ್ಮ, ಬಿಂದಿಗೆಯ ರಾಡಿಯನ್ನು ಗಂಡನ ಕಾಲ ಮೇಲೇ ಸುರಿದಳು.

"ನೋಡ್ರೀ! ನಮ್ಮ ಕೊಟ್ಟಿಗೆ ಹಿಂದಿಂದು! ಮಗಳನ್ನ ಕೊಂದ್ಮೇಲೆ ನಂಬ್ತೀರಾ?"

ಷಣ್ಮುಖಪ್ಪನ ಮುಖ ಬಿಳಿಚಿಕೊಂಡಿತು. ದೊಣ್ಣೆ ಎಸೆದು ತಾನೇ ಚೀಲಗಳನ್ನು ಎಳೆಯತೊಡಗಿದ. ಹೊಡೆದ ಕೈಗಳೆಲ್ಲ ಚೀಲಕ್ಕೆ ಬಿದ್ದವು. ಕೋಡಿ ಭೋರ್ಗರೆಯಿತು. ಸಂಜೆಯ ಹೊತ್ತಿಗೆ ಕೊಟ್ಟಿಗೆ ಹಿಂದಿನ ನೀರು ತಿಳಿಯಾಗುತ್ತಾ ಬಂತು.

ಕೃತಿಕಾ ವೇಲ್ ಹರಿದು ಅವನ ಹಣೆಗೆ ಕಟ್ಟಿದಳು.

"ನಿಮ್ಮ ಈರುಳ್ಳಿಯಾದ್ರೂ ಉಳೀತಾ...?"

"ಅದು ಯಾವಾಗ್ಲೋ ಕೊಳೆತ್ಹೋಯ್ತು ಕಣ್ರೀ."

"ಮತ್ತೆ ಒಬ್ರೇ ಯಾಕೆ ಬಂದ್ರಿ, ಸಾಯೋಕಾ?"

"ಏರಿ ಮೇಲೆ ಬಿರುಕು ಬಿಟ್ಟಿದ್ದು ಕಂಡೆ. ಅದರ ಕೆಳಗೆ ಮೊದಲನೇ ಮನೆ ಯಾರದ್ದು ಹೇಳಿ?"

ಕೃತಿಕಾ ಬಿಕ್ಕಿ ಬಿಕ್ಕಿ ಅತ್ತಳು.

"ಆ ಮನೆಯವಳೇ ನಿಮ್ಮ ತಲೆ ಒಡೆದ್ಲಲ್ಲ..."

"ಪರವಾಗಿಲ್ಲ. ಇನ್ನೊಬ್ಬಳ ಕೈಲಿ ಒಡೆಸ್ಕೊಳ್ಳೋ ಮನಸ್ಸಿಲ್ಲ ನಂಗೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಹಂಗಾದ್ರೆ ಅಪ್ಪನ್ನ ಕೇಳಿ."

"ಈಗ್ಲಾ? ನಿಲ್ಲೋಕೂ ಆಗ್ತಿಲ್ಲ ಕೃತಿಕಾ..."

"ನನ್ನ ಹಿಡ್ಕೊಳ್ಳಿ," ಎಂದು ಅವಳು ನೋಯುತ್ತಿದ್ದ ಭುಜವನ್ನೇ ಅವನಿಗೆ ಕೊಟ್ಟಳು.