ಸಾಧುವಿನ ಕೋಣೆ

ಲಾಯ ಕೊಂಪೆಯಾಗಿದ್ದಾಗ ಅದು ಯಾರಿಗೂ ಬೇಕಾಗಿರಲಿಲ್ಲ. ಗಂಡ ತೀರಿಕೊಂಡ ವರ್ಷ ಅವಳು ಅದರ ಬೀಗದ ಕೈ ಕೇಳಿದಾಗ ಮೈದುನ ನಕ್ಕುಬಿಟ್ಟಿದ್ದ. "ಆ ಹಾಳು ಕೊಟ್ಟಿಗೆ ನಿಮಗೇ ಇರಲಿ ಅತ್ತಿಗೆ. ಬಾವಲಿಗಳಿಗೂ ಒಬ್ಬರು ದಿಕ್ಕು ಬೇಕಲ್ಲ" ಎಂದು ಕೀಲಿಯನ್ನು ಮೇಜಿನ ಮೇಲೆ ಜಾರಿಸಿದ್ದ. ಕಾಗದದಲ್ಲಿ ಲಾಯ ಅವನದು. ಮಾವ ಮನೆಯನ್ನು ದೊಡ್ಡ ಮಗನಿಗೂ ಲಾಯವನ್ನು ಚಿಕ್ಕ ಮಗನಿಗೂ ಬರೆದಿಟ್ಟು ಕಣ್ಣು ಮುಚ್ಚಿದ್ದರು. ಕಾಗದ ಕಾಗದದ ಪಾಡಿಗೆ ಇರಲಿ ಎಂದು ಅವಳು ಆಗ ತಲೆ ಕೆಡಿಸಿಕೊಳ್ಳಲಿಲ್ಲ.

ಊರಿನ ಅನುಕೂಲಸ್ಥರು ತಮ್ಮ ಕುದುರೆಗಳನ್ನು ಅಲ್ಲಿ ಬಾಡಿಗೆಗೆ ಬಿಡುತ್ತಿದ್ದ ಕಾಲವೊಂದಿತ್ತು. ಮೇವು, ನೀರು, ಆರೈಕೆ ಲಾಯದ್ದು. ರಜೆಯ ದಿನ ಬಂದು ಸವಾರಿ ಮಾಡುವುದಷ್ಟೇ ಅವರ ಪಾಲು. ಅವಳು ಒಳಗೆ ಕಾಲಿಟ್ಟಾಗ ಉಳಿದಿದ್ದದ್ದು ನಾಲ್ಕೇ ಕುದುರೆ, ಅವೂ ಕೊಚ್ಚೆಯಲ್ಲಿ ನಿಂತು ನಿಂತು ಗೊರಸು ಕೊಳೆತವು. ಮೂತ್ರದ ಘಾಟಿಗೆ ಕಣ್ಣಲ್ಲಿ ನೀರು ಬಂತು. ಕಟ್ಟಿಕೊಂಡಿದ್ದ ಚರಂಡಿಯನ್ನು ಅವಳೇ ಸಲಿಕೆ ಹಿಡಿದು ಬಿಡಿಸಿದಳು. ನೆಲವನ್ನು ಅಗೆಸಿ ನೀರು ಹರಿದುಹೋಗುವಂತೆ ಇಳಿಜಾರು ಮಾಡಿಸಿದಳು. ಇಲಿ ಕೊರೆದ ಧಾನ್ಯದ ಪೆಟ್ಟಿಗೆಗಳಿಗೆ ತಗಡು ಹೊಡೆಸಿದಳು, ಗೋಡೆಗೆ ಸುಣ್ಣ ಬಳಿದಳು, ಸೋರುವ ಮಾಡಿನ ಮೇಲೆ ಏರಿ ಕೂತು ಅತ್ತೆಯಿಂದ ಬೈಸಿಕೊಂಡಳು. ಕೈಯಲ್ಲಿ ಬೊಬ್ಬೆ ಬಂದು ಒಡೆದು ಗಟ್ಟಿಯಾದ ಹೊತ್ತಿಗೆ ದುಃಖವೂ ಒಂದಿಷ್ಟು ಗಟ್ಟಿಯಾಗಿತ್ತು. ಗಂಡ ಹೋದ ಮೇಲೆ ಬೆಳಿಗ್ಗೆ ಏಳುವುದಕ್ಕೆ ಅವಳಿಗಿದ್ದ ಕಾರಣ ಈ ಲಾಯ ಒಂದೇ.

ಕೋಣೆಗಳ ಅರೆಬಾಗಿಲುಗಳನ್ನೂ ಅವಳೇ ನಿಂತು ಕೂರಿಸಿದಳು. ಬಿಟ್ಟರೆ ತಾವಾಗಿ ಮುಚ್ಚಿಕೊಳ್ಳಬೇಕು, ಹಾಗೆ. ಮೇಲೊಂದು ಚಿಲಕ, ಒಳಗಿದ್ದವರು ಬಾಗಿಲ ಮೇಲಿಂದ ಕೈ ಚಾಚಿ ಹಾಕಬಹುದು, ತೆಗೆಯಬಹುದು. ಆದರೆ 'ವಕೀಲ' ಎಂಬ ಕಂದು ಕುದುರೆ ಆ ಚಿಲಕವನ್ನು ತುಟಿಯಿಂದಲೇ ಸರಿಸಿ ಹೊರಗೆ ಬರುತ್ತಿತ್ತು. ಎಂಥ ಬೀಗಕ್ಕೂ ಒಂದು ದಾರಿ ಹುಡುಕುತ್ತದೆಂದೇ ಅದಕ್ಕೆ ಆ ಹೆಸರು. ಒಮ್ಮೆ ಧಾನ್ಯದ ಪೆಟ್ಟಿಗೆಗೆ ಬಾಯಿ ಹಾಕಿ ಹೊಟ್ಟೆಶೂಲೆ ಬಂದು ಸಾಯುವುದರಲ್ಲಿತ್ತು. ಅಂದಿನಿಂದ ಪ್ರತಿ ಬಾಗಿಲಿನ ಬುಡದಲ್ಲಿ, ಹೊರಮೈಗೆ, ಬೂಟಿನ ತುದಿಯಿಂದ ತಳ್ಳುವಂಥ ಕಬ್ಬಿಣದ ಕಾಲು ಚಿಲಕ ಬಂತು. ಹಾಕುವುದನ್ನು ಯಾರಾದರೂ ಮರೆತರೆ ಅವಳ ಬಾಯಿಗೆ ಸಿಕ್ಕಿ ಪುಡಿಯಾಗುತ್ತಿದ್ದರು. ಬೇರೆಯವರ ಮಾತು ಹಾಗಿರಲಿ, ಹುಲ್ಲು ಹೊತ್ತು ಎರಡೂ ಕೈ ತುಂಬಿದ್ದಾಗಲೂ ಅವಳೇ ಒಂದು ದಿನ ತಪ್ಪಿದವಳಲ್ಲ. ಕುದುರೆಗಳು ಒಂದೊಂದಾಗಿ ಬಂದವು, ಕೋಣೆಗಳು ತುಂಬಿದವು.

ಆಗ ಮೈದುನ ಬಂದ. ಜೊತೆಗೆ ಅಳತೆ ಪಟ್ಟಿ ಹಿಡಿದ ಇಬ್ಬರು.

"ತಂಪು ಗೋದಾಮು ಮಾಡ್ತಾರಂತೆ ಅತ್ತಿಗೆ. ನೆಲ, ಚರಂಡಿ ಎಲ್ಲ ಚೆನ್ನಾಗಿದೆ ಅಂತ ತುಂಬ ಮೆಚ್ಕೊಂಡ್ರು. ತಿಂಗಳ ಕೊನೆಗೆ ಕುದುರೆಗಳನ್ನ ಅವರವರ ಮನೆಗೆ ಕಳಿಸಿಬಿಡಿ" ಎಂದ. ಅವಳ ಮುಖ ನೋಡಿ, "ನಿಮ್ಮನ್ನೇನು ಬೀದಿಗೆ ಬಿಡ್ತೀನಾ? ಅಮ್ಮನ ಜೊತೆ ಹಾಯಾಗಿರಿ. ಲದ್ದಿ ಬಾಚಿದ್ದು ಸಾಕಾಗಿಲ್ವಾ?" ಎಂದೂ ಸೇರಿಸಿದ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು. ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. "ಆಗಲಪ್ಪ" ಎಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದೇಕೆಂದು ಅವನು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಅತ್ತಿಗೆಯ ವಿಷಯದಲ್ಲಿ ಯೋಚಿಸುವ ಅಭ್ಯಾಸ ಅವನಿಗಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲು ಲಾಯದ ಕೊನೆಯ ಕೋಣೆಯಲ್ಲಿ ಹುಲ್ಲು ಮೆಲ್ಲುತ್ತಾ ನಿಂತಿತ್ತು. ಕಪ್ಪು ಗಂಡು ಕುದುರೆ, ಹೆಸರು ಸಾಧು. ಹೆಸರಿಗೆ ತಕ್ಕ ಗುಣ. ಮಕ್ಕಳು ಹೊಟ್ಟೆಯ ಕೆಳಗೆ ನುಸುಳಿದರೂ ಕದಲುತ್ತಿರಲಿಲ್ಲ. ಆದರೆ ಪ್ಲಾಸ್ಟಿಕ್ ಕವರಿನ ಚರಪರ ಸದ್ದು ಕಿವಿಗೆ ಬಿದ್ದರೆ ಅದು ಕುದುರೆಯಾಗಿ ಉಳಿಯುತ್ತಿರಲಿಲ್ಲ, ಹುಚ್ಚೆದ್ದು ಸಿಕ್ಕಿದ್ದನ್ನೆಲ್ಲ ಒದೆಯುತ್ತಿತ್ತು. ಹಿಂದೆ ಎಲ್ಲೋ ಯಾರೋ ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಸುತ್ತಿ ಅದನ್ನು ಹೊಡೆದಿದ್ದರಂತೆ. ಇದನ್ನು ಅದರ ಯಜಮಾನ ಅವಳೊಬ್ಬಳ ಕಿವಿಯಲ್ಲಿ ಹೇಳಿದ್ದ. ಹೋದ ವರ್ಷ ಅವನು ಹೃದಯ ನಿಂತು ಸತ್ತ. ಸಾಧು ಲಾಯಕ್ಕೇ ಉಳಿಯಿತು. ಲಾಯದೊಳಗೆ ಕವರು ತರಕೂಡದೆಂದು ಅವಳು ಕಟ್ಟುನಿಟ್ಟು ಮಾಡಿದಾಗ ಜನ ಕಾರಣ ಕೇಳಿದ್ದರು. ಕುದುರೆ ನುಂಗಿದರೆ ಕರುಳು ಕಟ್ಟುತ್ತದೆ ಎಂದಿದ್ದಳು. ಅದೂ ಸುಳ್ಳಲ್ಲವಾದ್ದರಿಂದ ಎಲ್ಲರೂ ನಂಬಿದ್ದರು.

ಮೈದುನನಿಗೆ ಹೆಂಡತಿ ಮಕ್ಕಳಿಲ್ಲ. ಅವನಿಲ್ಲದಿದ್ದರೆ ಲಾಯ ಅತ್ತೆಯ ಕೈಗೆ ಬರುತ್ತದೆ. ಅತ್ತೆಗೆ ಕುದುರೆಗಳ ಸದ್ದು ಕೇಳದೆ ನಿದ್ದೆ ಬಾರದು. ಮಾರುವ ಮಾತೇ ಇಲ್ಲ. ಆ ಅತ್ತೆಯ ಉಳಿದೊಬ್ಬ ಮಗನನ್ನೇ ತಾನು ತೆಗೆಯುತ್ತಿದ್ದೇನೆ ಎಂಬ ಯೋಚನೆ ಬಂದಾಗಲೆಲ್ಲ ಅವಳು ಎದ್ದು ಹೋಗಿ ಯಾವುದಾದರೊಂದು ಕೋಣೆ ಗುಡಿಸುತ್ತಿದ್ದಳು. ಇನ್ನೂ ಹೆಚ್ಚು ಕಾಡಿದ್ದು ಸಾಧು. ಮನುಷ್ಯನನ್ನು ಕೊಂದ ಕುದುರೆಯನ್ನು ಜನ ಉಳಿಸುತ್ತಾರೆಯೇ? ಬೇಡಿಕೊಳ್ಳುತ್ತೇನೆ, ಕಾಲು ಹಿಡಿಯುತ್ತೇನೆ, ಮೂಕಪ್ರಾಣಿಗೇನು ತಿಳಿಯುತ್ತದೆ ಎನ್ನುತ್ತೇನೆ, ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಳು. ಸಾಧುವಿನ ಕುತ್ತಿಗೆ ಉಜ್ಜುವಾಗ ಮಾತ್ರ ಆ ಮಾತನ್ನು ಗಟ್ಟಿಯಾಗಿ ಹೇಳಲಾಗಲಿಲ್ಲ.

ಉಳಿದದ್ದೆಲ್ಲ ಸಲೀಸು. "ಹೇಗೂ ಎಲ್ಲ ಹೋಗ್ತವೆ. ಸಾಧುವನ್ನ ನೀನೇ ಇಟ್ಕೋ. ಯಜಮಾನ ಇಲ್ಲದ ಪ್ರಾಣಿ, ನಿನಗೆ ಒಪ್ಪುತ್ತೆ" ಎಂದಳು. ಕಪ್ಪು ಕುದುರೆಯ ಮೇಲೆ ತನ್ನನ್ನು ತಾನು ಕಲ್ಪಿಸಿಕೊಂಡು ಅವನ ಮುಖ ಅರಳಿತು. "ಮೊದಲು ಸ್ನೇಹ ಮಾಡ್ಕೋಬೇಕು. ಭಾನುವಾರ ಬೆಳಿಗ್ಗೆ ಕ್ಯಾರೆಟ್ ತಗೊಂಡ್ ಬಾ, ನೀನೇ ಕೈಯಾರೆ ತಿನ್ನಿಸು." ಅಂಗಡಿಯವರು ಕ್ಯಾರೆಟ್ ಕೊಡುವುದೇ ಕವರಿನಲ್ಲಿ. ಅದನ್ನು ಕೊಳ್ಳುವವನು ಅವನು, ತರುವವನು ಅವನು, ಗಂಟು ಬಿಚ್ಚುವವನೂ ಅವನು. ಅವಳು ಕೈಯಿಟ್ಟು ಮಾಡಬೇಕಾದ್ದು ಒಂದೂ ಇರಲಿಲ್ಲ. ಈ ಯೋಜನೆಯಲ್ಲಿ ಅವಳಿಗೆ ತುಂಬ ಹಿಡಿಸಿದ್ದು ಇದೇ.

ಭಾನುವಾರ ಬೆಳಿಗ್ಗೆ ಲಾಳ ಕಟ್ಟುವವ ಬರುವ ಸರದಿ. ಅಂಗಳದಲ್ಲಿ ಅವನ ಸುತ್ತಿಗೆ ಶುರುವಾದರೆ ಒಳಗೆ ಪಕ್ಕದವರ ಮಾತೂ ಕೇಳಿಸದು. ಮೈದುನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಕವರನ್ನು ಅವಳು ನೋಡಿದ ಕೂಡಲೇ ದಪ್ಪ ಬಟ್ಟೆಯ ಚೀಲವೊಂದನ್ನು ಒಡ್ಡಿ, "ಇದರೊಳಗೆ ಇಟ್ಕೋ, ಧೂಳು" ಎಂದಳು. ಸಾಧುವಿನ ಕೋಣೆಗೆ ಇಬ್ಬರೂ ಹೋದರು. ಮೂಲೆಯ ಗೋದಲಿಯನ್ನು ತೋರಿಸಿದಳು. ಅಲ್ಲಿ ನಿಂತವನಿಗೂ ಬಾಗಿಲಿಗೂ ನಡುವೆ ಇಡೀ ಕುದುರೆ ಅಡ್ಡ.

"ಅಲ್ಲಿ ನಿಂತು ಬಿಚ್ಚು. ನಾನಿದ್ರೆ ನನ್ನ ಹಿಂದೆನೇ ಬರುತ್ತೆ, ಹೊರಗಿರ್ತೀನಿ. ಮೇಲಿನ ಚಿಲಕ ನೀನೇ ಹಾಕ್ಕೋ."

ಅವನು ಸಾಧುವಿನ ಹಣೆ ಸವರಿದ. ಅದು ಕಣ್ಣು ಅರೆಮುಚ್ಚಿತು. "ಅಣ್ಣ ಇದ್ದಿದ್ರೆ ಈ ಲಾಯ ನೋಡಿ ಕುಣಿದಾಡಿಬಿಡ್ತಿದ್ದ ಅಲ್ವಾ ಅತ್ತಿಗೆ?" ಎಂದ. ಧ್ವನಿಯಲ್ಲಿ ಕುಹಕವಿರಲಿಲ್ಲ.

ಚೀಲ ಇಲ್ಲಿ ಕೊಡು, ಇವತ್ತು ಬೇಡ, ಎನ್ನುವುದಕ್ಕೆ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು, "ಆದ್ರೂ ಗೋದಾಮಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ ಬಿಡಿ" ಎಂದು ಸುಣ್ಣದ ಗೋಡೆಯನ್ನು ತಟ್ಟಿ ನೋಡಿದ. ಅವಳು ಹೊರಗೆ ಬಂದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವನು ಮೇಲಿಂದ ಕೈ ಚಾಚಿ ಚಿಲಕ ಎಳೆದುಕೊಳ್ಳುವುದನ್ನೇ ಅವಳು ಕಣ್ಣಿಟ್ಟು ನೋಡಿದಳು. ಬೆರಳುಗಳು ಒತ್ತಿದವು, ಚಿಲಕ ಕೂತಿತು. ಅವಳ ಎರಡು ಕೈಗಳೂ ಜೇಬಿನಲ್ಲಿದ್ದವು. ಅವನು ಗೋದಲಿಯತ್ತ ತಿರುಗಿದ ಮೇಲೆ ಅವಳು ಅಂಗಳಕ್ಕೆ ನಡೆದಳು.

ಅಂಗಳದಲ್ಲಿ ವಕೀಲನ ಲಗಾಮು ಹಿಡಿದು ನಿಂತಳು. ಲಾಳದವ ಮೊಳೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಏನೋ ತಮಾಷೆ ಹೇಳಿದ, ಅವಳು ನಕ್ಕಳು ಕೂಡ. ಸುತ್ತಿಗೆಯ ಸದ್ದಿನ ನಡುವೆ ಇನ್ನೊಂದು ಸದ್ದು ಬಂತು, ಹಲಗೆಗೆ ದಿಮ್ಮಿ ಬಡಿದಂತೆ. ಆಮೇಲೆ ಇನ್ನೊಂದು. ಮೊದಲು ಓಡಬಾರದೆಂದು ಅವಳು ಮೊದಲೇ ನಿಶ್ಚಯಿಸಿದ್ದಳು. ಓಡಿದವರು ಟೀಚರ್. ನಿವೃತ್ತಿಯ ನಂತರ ಮುದಿ ಹೆಣ್ಣುಕುದುರೆಯೊಂದನ್ನು ಸಾಕಿಕೊಂಡು ಅಲ್ಲೇ ಬಿಟ್ಟಿದ್ದ ಅವರು ಆಗತಾನೇ ಅದರ ಬೆನ್ನಿಗೆ ಹಾಕುವ ತಡಿ ಹೊತ್ತು ಒಳಗೆ ಹೋಗಿದ್ದರು. ಅವಳು ತಲುಪುವಾಗ ಬಾಗಿಲು ತೆರೆದಿತ್ತು. ಸಾಧು ಹೊರಗೆ ಮೈಯೆಲ್ಲ ಬೆವೆತು ಗಡಗಡ ನಡುಗುತ್ತಾ ನಿಂತಿತ್ತು. ಮೈದುನ ಗೋದಲಿಯ ಬಳಿ ಉಸಿರಿಲ್ಲದೆ ಬಿದ್ದಿದ್ದ, ಸುತ್ತ ಕ್ಯಾರೆಟ್ ಚೆಲ್ಲಿದ್ದವು. ಅವಳು ಕಿರುಚಿದಳು. ಕಿರುಚಾಟ ನಟನೆಯೆಂದು ಅಂದುಕೊಂಡೇ ಶುರುಮಾಡಿದ್ದು. ನಿಲ್ಲಿಸಲು ಹೋದರೆ ನಿಲ್ಲಲಿಲ್ಲ.

ಮಧ್ಯಾಹ್ನ ಬಂದ ಇನ್‌ಸ್ಪೆಕ್ಟರಿಗೆ ಕುದುರೆಯೆಂದರೆ ದಿಗಿಲು. ಸಾಧುವನ್ನು ದೂರ ಕಟ್ಟಿದ್ದಾರೆಂದು ಎರಡು ಸಲ ಖಾತ್ರಿ ಮಾಡಿಕೊಂಡೇ ಒಳಗೆ ಬಂದರು. ಅವರು ಕೇಳಿದ್ದಕ್ಕೆಲ್ಲ ಅವಳು ಮೆತ್ತಗೆ ಉತ್ತರಿಸಿದಳು. ಕ್ಯಾರೆಟ್ ತಿನ್ನಿಸ್ತೀನಿ ಅಂತ ಹಟ ಹಿಡಿದ, ನಾನು ಅಂಗಳದಲ್ಲಿದ್ದೆ, ತಾನೇ ಹೋಗಿ ಚಿಲಕ ಹಾಕ್ಕೊಂಡಿದ್ದಾನೆ. ಲಾಳದವ ತಲೆಯಾಡಿಸಿದ. ಅವಳ ಹೆಗಲು ಹಿಡಿದುಕೊಂಡೇ ಇದ್ದ ಟೀಚರ್, "ಇವರಂಥ ಶಿಸ್ತು ನಾನೆಲ್ಲೂ ನೋಡಿಲ್ಲ ಸಾರ್. ಇಲ್ಲಿ ಒಂದು ಹುಲ್ಲುಕಡ್ಡಿನೂ ಜಾಗ ತಪ್ಪಲ್ಲ. ಇವರಿಗೇ ಹೀಗಾಗ್ಬೇಕಾ?" ಎಂದು ಕಣ್ಣೊರೆಸಿಕೊಂಡರು. ಇನ್‌ಸ್ಪೆಕ್ಟರು ನಿಟ್ಟುಸಿರಿಟ್ಟರು. "ಪ್ರಾಣಿ ಸಹವಾಸನೇ ಹೀಗೆ. ಒಂದ್ಸಲ ಜಾಗ ತೋರಿಸಿಬಿಡಿ, ಮುಗಿಸಿಬಿಡೋಣ" ಎಂದರು. ಅವಳು ಅವರನ್ನು ಸಾಧುವಿನ ಕೋಣೆಗೆ ಕರೆದೊಯ್ದು ಗೋದಲಿ ತೋರಿಸಿದಳು. ಒದೆ ಬಿದ್ದು ಸೀಳಿದ ಹಲಗೆಯನ್ನು ಅವರು ಬಗ್ಗಿ ನೋಡತೊಡಗಿದರು. ನೆಲದ ಕಲೆ ನೋಡಲಾರದೆ ಅವಳು ಹೊರಗೆ ಬಂದು, ಹಿಂದೆಯೇ ಮುಚ್ಚಿಕೊಂಡ ಬಾಗಿಲ ಪಕ್ಕದ ಗೋಡೆಗೊರಗಿದಳು. ಹೊರಗೇ ನಿಂತಿದ್ದ ಟೀಚರ್ ಮತ್ತೆ ಅವಳ ಹೆಗಲು ಹಿಡಿದರು. ಎಲ್ಲ ಮುಗಿಯಿತು, ಲಾಯ ಉಳಿಯಿತು ಎನಿಸಿತು.

"ಸರಿಯಮ್ಮ" ಎನ್ನುತ್ತಾ ಇನ್‌ಸ್ಪೆಕ್ಟರು ಒಳಗಿನಿಂದ ಬಾಗಿಲು ತಳ್ಳಿದರು. ಅದು ಕದಲಲಿಲ್ಲ. ಮೇಲಿಂದ ಕೈ ಚಾಚಿ ಚಿಲಕ ತಡವಿದರು. ಅದು ತೆರೆದೇ ಇತ್ತು. ಮತ್ತೆ ತಳ್ಳಿದರು. "ಏನಿದು, ಅಂಟಿಕೊಂಡಿದೆಯಲ್ಲ?" ಟೀಚರ್ ಅಳುವಿನ ನಡುವೆಯೂ ತುಸು ನಕ್ಕರು. "ಅಂಟಿಲ್ಲ ಸಾರ್, ಕೆಳಗೆ ಕಾಲು ಚಿಲಕ ಬಿದ್ದಿದೆ. ಅದನ್ನ ಹೊರಗಿನೋರೇ ತೆಗೀಬೇಕು, ಹೊರಗಿನೋರೇ ಹಾಕ್ಬೇಕು. ಬೆಳಿಗ್ಗೆ ನಾನೂ ಹೀಗೇ, ಗಾಬರೀಲಿ ಮೇಲಿನದನ್ನ ತೆಗೆದು ಎಳೆದೇ ಎಳೆದೆ, ಬರ್ಲಿಲ್ಲ. ಆಮೇಲೆ ನೆನಪಾಗಿ ಕೆಳಗಿನದನ್ನ ಕಾಲಲ್ಲಿ ಸರಿಸಿದೆ." ಮಾತು ಮುಗಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿದಂತಾಗಿ, ಟೀಚರ್ ಅವಳ ಹೆಗಲ ಮೇಲಿಂದ ಕೈ ತೆಗೆದರು. ಇನ್‌ಸ್ಪೆಕ್ಟರು ಗೋದಲಿಯತ್ತ ಒಮ್ಮೆ ತಿರುಗಿ ನೋಡಿ, ಅರೆಬಾಗಿಲ ಮೇಲೆ ಬಗ್ಗಿ, ನಿಧಾನವಾಗಿ ಕೆಳಗೆ ನೋಡಿದರು. ಅವಳೂ ನೋಡಿದಳು. ಅವಳ ಕೈಗಳು ಜೇಬಿನಲ್ಲೇ ಇದ್ದವು. ಬೂಟಿನ ತುದಿ ಇನ್ನೂ ಆ ಕಬ್ಬಿಣದ ಮೇಲೇ ಇತ್ತು.