ಜಗಳ ಬರೆದವನು

"ನಾನ್ ಅಳುದಿಲ್ಲೆ! ಎಂತ ಮಾಡ್ತ್ರಿ ಮಾಡಿ!"

ವಿಜೇತಾಳ ದನಿಗೆ ಬೆಚ್ಚಿದ ಮೇಕಪ್ ಹುಡುಗಿಯ ಕೈಯಿಂದ ಬ್ರಷ್ ಕೆಳಗೆ ಬಿತ್ತು. ಕುಂದಾಪುರದ ಆ ಕಲ್ಯಾಣ ಮಂಟಪದಲ್ಲಿ ಮದುಮಗಳ ಕೋಣೆಯೇ ಈಗ ಮೇಕಪ್ ರೂಮು. ಟಿವಿಯ 'ಕೊರಳ ಕಾಳಗ' ಎಂಬ ಹಾಡಿನ ಸ್ಪರ್ಧೆಯ ಕರಾವಳಿ ಸುತ್ತು ಅಲ್ಲೇ ನಡೆಯುವುದಿತ್ತು. ಕುಂಭಾಶಿಯ ವಿಜೇತಾ ಆ ಸುತ್ತಿನ ಸ್ಪರ್ಧಿ.

ಎದುರಿಗೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತಿದ್ದ ಟಿವಿಯ ಕಡೆಯ ಯುವಕ ತಬ್ಬಿಬ್ಬಾದ.

"ಸ್ವಲ್ಪ ಸಾಕು ಮೇಡಂ... ತಂದೆ ತೀರಿಕೊಂಡಿದ್ದು, ತಾಯಿ ತರಕಾರಿ ಮಾರಿ ಸಾಕಿದ್ದು... ಅದನ್ನ ಹೇಳ್ತಾ ಒಂಚೂರು ಕಣ್ಣೀರು ಬಂದ್ರೆ..."

"ನನ್ ಅಪ್ಪಯ್ಯನ ಸಾವ್ ಟಿವಿಯಂಗೆ ಮಾರುಕೆ ಇಟ್ಟದ್ದಲ್ಲ! ನಾನ್ ಹಾಡುಕೆ ಬಂದದ್ದ್. ಕೇಂಬುದಾರೆ ಕೇಣಿ, ಇಲ್ದಿರೆ ಮನಿಗ್ ಹೋತೆ!"

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಮುಖವೆಲ್ಲ ಅರಳಿತು!

"ಬೈದ್ರೂ ಅಡ್ಡಿಲ್ಲೆ ಮಾರಾಯ್ರೆ, ಇನ್ನೊಂದ್ ಸಲ ಬೈಯಿ. ಊರ್ ಭಾಷಿ ಕೇಣದೆ ಸುಮಾರ್ ದಿನ ಆಯ್ತ್. ನಾನ್ ಶೈಲೇಶ್. ಬ್ರಹ್ಮಾವರದವ."

ಬಾಯಿಗೆ ಬಂದಿದ್ದ ಇನ್ನೊಂದು ಬೈಗುಳವನ್ನು ವಿಜೇತಾ ಹಾಗೇ ನುಂಗಿಕೊಂಡಳು. ಅಳುವ ಮಾತನ್ನು ಅವನು ಆಮೇಲೆ ಎತ್ತಲೇ ಇಲ್ಲ.

ರಿಹರ್ಸಲ್ ನಡೆದ ಆ ವಾರವಿಡೀ ಮಂಟಪದ ಹೊರಗಿನ ಹೋಟೆಲಿನಲ್ಲಿ ಇಬ್ಬರೂ ಚಾ ಕುಡಿದರು. ಟಿವಿಯಲ್ಲಿ ಏನು ಕೆಲಸವೆಂದು ಕೇಳಿದರೆ "ಎಲ್ಲಾ ಕೆಲ್ಸವೂ" ಎಂದು ನಕ್ಕುಬಿಡುತ್ತಿದ್ದ. ಅವಳು ಮಾತಾಡುವಾಗ ಮಾತ್ರ ಫೋನು ಮಗುಚಿಟ್ಟು ಕೇಳುತ್ತಿದ್ದ. ಹಾಗೆ ಕೇಳುವ ಗಂಡಸರು ಎಷ್ಟು ಜನ ಸಿಗುತ್ತಾರೆ, ನೀವೇ ಹೇಳಿ!

ಅದಕ್ಕೇ ಇರಬೇಕು, ಯಾರಿಗೂ ಹೇಳದ ಮಾತನ್ನು ಅವಳು ಅವನಿಗೆ ಹೇಳಿದಳು.

"ನಾನ್ ಸಂಗೀತ ಕ್ಲಾಸಿಗೆ ಹೋದವಳೇ ಅಲ್ಲ. ಶನಿವಾರದ ಸಂತೆಯಂಗೆ ಅಬ್ಬಿ ಒಟ್ಟಿಗೆ ಬಸಳೆ ಮಾರುಕೆ ಕೂಗ್ತಿದ್ದೆ. ಉಸ್ರ್ ಎಲ್ಲಿ ಹಿಡೂದ್, ದನಿ ಎಲ್ಲಿ ಬಿಡೂದ್... ಎಲ್ಲ ಅಬ್ಬಿ ಕೂಗಂಗೆ ಕಲ್ತದ್ದ್. ಯಾರಿಗೂ ಹೇಳ್ಬೇಡಿ, ನೆಗಾಡ್ತ್ರ್."

"ನಾನ್ ನೆಗಾಡ್ತಿಲ್ಲೆ," ಎಂದ ಶೈಲೇಶ್ ಮೆಲ್ಲಗೆ. ಅವಳ ಎದೆಯೊಳಗೆ ಏನೋ ಝಲ್ಲೆಂದಿತು.

ಚಿತ್ರೀಕರಣದ ದಿನ ಬಂತು. ಮಂಟಪ ತುಂಬ ಜನ. ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟು ಅವಳ ತಾಯಿ, ಅಬ್ಬಿ ಚಂದ್ರಮತಿ ಕೂತಿದ್ದಳು. ವಿಜೇತಾ ಕಣ್ಣುಮುಚ್ಚಿ ಎದೆ ತುಂಬಿ ಹಾಡಿದಳು. ಮುಗಿಸುವಾಗ ಅವಳ ಮೈಯೆಲ್ಲ ಬೆವೆತಿತ್ತು.

ತೀರ್ಪುಗಾರರು ಇಬ್ಬರು. ಮೈಸೂರಿನ ಗಾಯಕ ಭಾರ್ಗವ ಮೈಕು ಎತ್ತಿಕೊಂಡ.

"ಒಟ್ರಾಶಿ ಹೇಳೋದಾದ್ರೆ ಇದು ಹಾಡೇ ಅಲ್ಲ! ಶನಿವಾರದ ಸಂತೇಲಿ ಬಸಳೆ ಮಾರೋ ಕೂಗು! ಯಾರ್ರೀ ಇವಳಿಗೆ ಕಲಿಸಿದ್ದು?"

ಜನ ಹೋ ಎಂದರು. ಪಕ್ಕದಲ್ಲಿದ್ದ ಸಿನಿಮಾ ಗಾಯಕಿ ಯಾಮಿನಿ ದಡಕ್ಕನೆ ಎದ್ದಳು.

"ಸಾಕು ನಿಲ್ಸಿ ಭಾರ್ಗವ್! ಈ ಹುಡುಗಿ ಹಾಡಿದ್ರೆ ಎಲ್ಲಿದ್ದವರಿಗೂ ಮನೆಗೆ ಹೋಗ್ಬೇಕು ಅನ್ಸತ್ತೆ. ಒಂದು ಸಲ ಕೇಳಿದವನು ಬೇರೆ ದನಿ ಕೇಳಲಾರ! ನಿಮಗೆ ಕಿವಿ ಇದೆ, ಎದೆ ಇಲ್ಲ!"

ಯಾಮಿನಿ ಪೆನ್ನನ್ನು ಮೇಜಿನ ಮೇಲೆ ಎಸೆದು ವೇದಿಕೆಯಿಂದ ಇಳಿದೇ ಹೋದಳು. ಶಿಳ್ಳೆ, ಚಪ್ಪಾಳೆ! ಮುಂದಿನ ಸಾಲಿನಲ್ಲಿ ಅಬ್ಬಿ ಸೆರಗನ್ನು ಬಾಯಿಗೊತ್ತಿಕೊಂಡು ತಲೆ ತಗ್ಗಿಸಿದ್ದಳು.

ಆದರೆ ವಿಜೇತಾಳ ತಲೆಯಲ್ಲಿ ಒಂದೇ ಒಂದು ಪದ ಸಿಕ್ಕಿಕೊಂಡಿತ್ತು.

ಒಟ್ರಾಶಿ...?

'ಒಟ್ಟಾರೆ' ಎನ್ನುವುದಕ್ಕೆ ಹಾಗೆನ್ನುವವರು ಕುಂದಾಪುರದ ಸುತ್ತಮುತ್ತಲಿನವರು ಮಾತ್ರ. ಇಲ್ಲಿ ಎಲ್ಲರೂ ಕರೆಯಲು ಬಳಸುವ 'ಹ್ವಾಯ್' ಎಂದರೆ ಏನೆಂದು ಬೆಳಿಗ್ಗೆ ತಾನೇ ಕೇಳಿದ್ದ ಈ ಮೈಸೂರಿನ ಮನುಷ್ಯನ ಬಾಯಿಗೆ ಆ ಪದ ಎಲ್ಲಿಂದ ಬಂತು? ಬಸಳೆಯ ಕೂಗಿನ ಸಂಗತಿ ಇವನಿಗೆ ಹೇಗೆ ಗೊತ್ತು?

ಅವಳು ಕ್ಯಾಮೆರಾಗಳ ಹಿಂದೆ ನೋಡಿದಳು. ತೀರ್ಪುಗಾರರಿಗೆ ಮಾತ್ರ ಕಾಣುವಂತೆ ಅಕ್ಷರ ಮೂಡುವ ಪರದೆಯ ಪಕ್ಕ ಶೈಲೇಶ್ ನಿಂತಿದ್ದ. ಮನೆಮಾತು ತನ್ನ ಬರಹದಲ್ಲಿ ನುಸುಳಿದ್ದು ಅವನಿಗೂ ಆಗಲೇ ತಿಳಿದದ್ದು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ವಿಜೇತಾಳ ಪಿತ್ತ ನೆತ್ತಿಗೇರಿತು.

ವೇದಿಕೆಯ ಹಿಂದೆ ಅವನನ್ನು ಅಡ್ಡಗಟ್ಟಿದಳು. "ಬರ್ದದ್ದ್ ಯಾರ್?"

"ವಿಜೇತಾ, ನಾನ್ ಹೇಳೂದ್ ಒಂಚೂರ್..."

"ಬರ್ದದ್ದ್ ಯಾರ್ ಅಂದೆ!"

"...ನಾನೇ."

"ಆ ಯಾಮಿನಿ ಮೇಡಂ ನನ್ ಪರವಾಗಿ ಹೇಳದ್ದ್?"

ಅವನು ನೆಲ ನೋಡಿದ. "ಅದೂ."

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಗೊಳ್ಳೆಂದು ನಗು. ಈಗಷ್ಟೇ ಕಚ್ಚಾಡಿದ ಭಾರ್ಗವ, ಯಾಮಿನಿ ಒಂದೇ ತಟ್ಟೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದರು! "ಭಾರ್ಗವ್, ನನ್ನ ಪೆನ್ನು ಎಲ್ಲಿಗೆ ಹಾರ್ತೋ?" ಎಂದು ಯಾಮಿನಿ ಕೇಳುವುದೂ ಕೇಳಿಸಿತು.

"ಬೈದದ್ದೂ ನೀನೇ, ಹೊಗಳಿದ್ದೂ ನೀನೇ!" ವಿಜೇತಾಳ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. "ಮಗುನ್ನ ಚಿವುಟಿ ತೊಟ್ಲ್ ತೂಗೂದ್ ಅಂದ್ರೆ ಇದೇ ಅಲ್ದಾ? ನಂಬಿ ಹೇಳಿದ್ ಮಾತನ್ನ ನನ್ ಅಬ್ಬಿ ಎದ್ರೇ ಕೂಗ್ಸಿದ್ಯಲ್ಲ!"

"ಯಾರ ಹಾಡಿಗೆ ಜಡ್ಜುಗಳ ಜಗಳ ಇಲ್ವೋ ಅವರನ್ನ ಈ ಸುತ್ತಲ್ಲೇ ತೆಗೀತೇವೆ ಅಂತ ಟಿವಿಯೋರ್ ಹೇಳಿದ್ರ್. ನೀನ್ ಉಳೀಕ್ ಅಂದೇಳಿ ಬರ್ದೆ. ಬೇಗ ಕೊಡ್ ಅಂದ್ರ್, ಬೇರೆಂತದೂ ಹೊಳೀಲಿಲ್ಲೆ..."

"ಉಳ್ಸ್ ಅಂತ ನಾನ್ ಕೇಂಡಿದ್ನಾ? ಇನ್ ನನ್ ಎದ್ರ್ ಬರ್ಬೇಡ!"

ಅವಳು ಅಬ್ಬಿಯ ಕೈಹಿಡಿದು ಹೊರಟೇ ಹೋದಳು.

'ಜಡ್ಜುಗಳ ಜಗಳ! ವೇದಿಕೆ ಬಿಟ್ಟು ನಡೆದ ಯಾಮಿನಿ!' ಎಂಬ ತುಣುಕು ಮರುದಿನವೇ ಎಲ್ಲರ ಮೊಬೈಲಿಗೂ ಬಂತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಹೋದರೂ ಅದೇ. "ಅದ್ ನಿಜ ಜಗಳವಾ, ನಾಟ್ಕವಾ?" "ನಾಟ್ಕ ಆರೆ ಅಷ್ಟ್ ಸಿಟ್ಟ್ ಬತ್ತಾ ಮಾರಾಯ?" ಜನರಿಗೇನು, ಬಾಯಿಗೊಂದು ವಿಷಯ ಸಿಕ್ಕಿದರೆ ಸಾಕು!

ಶನಿವಾರ ಅಬ್ಬಿ, ಮಗಳು ಎಂದಿನಂತೆ ಸಂತೆಗೆ ಬಂದರು. ಚಂದ್ರಮತಿ ಬಸಳೆಯ ಕಟ್ಟುಗಳನ್ನು ಹರಡಿದಳು. ಗೋಣಿಯ ಮೇಲೆ ಕೂತಳು. ಕೂಗಲಿಲ್ಲ!

ಸಂತೆಯ ಆ ತುದಿಗೂ ಕೇಳಿಸುವ ಅಬ್ಬಿಯ ಬಾಯಿ ಅವತ್ತು ಹೊಲಿದ ಹಾಗಿತ್ತು. ಗಿರಾಕಿಗಳು ಅವಳು ಇದ್ದಾಳೆಂದೇ ತಿಳಿಯದೆ ದಾಟಿಹೋದರು. ಬಿಸಿಲಿಗೆ ಬಸಳೆ ಬಾಡತೊಡಗಿತು.

"ಅಬ್ಬಿ, ಕೂಗ್."

"ಬ್ಯಾಡ ಮಗಾ. ನನ್ ಕೂಗಿಂದಲೇ ನಿನ್ ಹಾಡ್ ಹಾಳಾಯ್ತ್ ಅಂದ್ರಲ್ಲ."

"ಅದೆಲ್ಲ ಬರ್ದ್ ಕೊಟ್ಟದ್ದಬ್ಬಿ! ನಾಟ್ಕ! ನಾನೇ ಕಂಡಿದ್ದೆ!"

"ಸುಮ್ನಿರ್. ಅಷ್ಟ್ ದೊಡ್ಡೋರ್ ಸುಳ್ ಹೇಳ್ತ್ರಾ? ಆ ಹೆಂಗ್ಸ್ ಸಿಟ್ಟಂಗೆ ಎದ್ದೇ ಹೋಯ್ಲಿಲ್ಯಾ? ನನ್ ಸಮಾಧಾನಕ್ಕೆ ಹೇಳ್ತೆ ನೀನ್."

ವಿಜೇತಾ ಎಷ್ಟು ಹೇಳಿದರೂ ಅಬ್ಬಿ ನಂಬಲಿಲ್ಲ.  ತನ್ನನ್ನು ಬೈದಿದ್ದರೆ ಬೈದುಕೊಳ್ಳಲಿ. ಅಬ್ಬಿಯ ಬಾಯಿ ಕಟ್ಟಿಸಲು ಇವನ್ಯಾರು? ವಿಜೇತಾ ಎದ್ದು ಅತ್ತ ಹೋಗಿ ಶೈಲೇಶನಿಗೆ ಫೋನು ಮಾಡಿದಳು.

"ನನ್ ಅಬ್ಬಿ ಕೂಗೂದ್ ನಿಲ್ಸಿತ್ತ್. ನಿನ್ನಿಂದ! ಸಂತೆಗ್ ಬಾ. ಅಬ್ಬಿ ಎದ್ರ್ ನಿತ್ಕಂಡ್ ಸತ್ಯ ಹೇಳ್."

ಆ ಕಡೆ ಶೈಲೇಶ್ ದನಿ ತಗ್ಗಿಸಿದ.

"ಹೊರಗ್ ಹೇಳುಕಾಗ ಅಂದೇಳಿ ಅಗ್ರಿಮೆಂಟ್ ಇತ್ತ್ ವಿಜೇತಾ. ಕೆಲ್ಸ ಹೋತ್ತ್."

"ಹೋಯ್ಲಿ! ನನ್ ಗುಟ್ಟ್ ಹೊರಗ್ ಹಾಕುಕೆ ಯಾವ ಅಗ್ರಿಮೆಂಟೂ ಅಡ್ಡ ಬರ್ಲಿಲ್ಯಾ?"

ಅವಳು ಫೋನು ಕಟ್ ಮಾಡಿದಳು. ಬರುವುದಿಲ್ಲ ಇವನು... ಬಾರದಿದ್ದರೇ ಒಳ್ಳೆಯದು, ಬಂದರೆ ನಾಲ್ಕು ಬಿಗಿದುಬಿಟ್ಟೇನು ಎಂದುಕೊಂಡಳು. ಆದರೂ ಕಣ್ಣು ಮತ್ತೆ ಮತ್ತೆ ಸಂತೆಯ ಬಾಗಿಲ ಕಡೆಗೇ ಹೋಗುತ್ತಿತ್ತು. ಆ ಕಣ್ಣಿನ ಮೇಲೂ ಅವಳಿಗೆ ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ಶೈಲೇಶ್ ಬಂದ. ಜನರ ನಡುವೆ ನುಗ್ಗಿ, ನೇರ ಚಂದ್ರಮತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮಾ, ಆ ಬೈಗುಳ ಬರ್ದದ್ದ್ ನಾನ್."

ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದ ಪದ್ದು ತಕ್ಕಡಿ ಬಿಟ್ಟು ಇತ್ತ ತಿರುಗಿದಳು. "ಹ್ವಾಯ್, ಜೋರ್ ಹೇಳಿ! ಎಂತ ಬರ್ದದ್ದ್?"

ಶೈಲೇಶ್ ಸುತ್ತ ನೋಡಿದ. ಯಾರೋ ಆಗಲೇ ಮೊಬೈಲು ಎತ್ತಿ ಹಿಡಿದಿದ್ದರು. ಅವನು ಗಂಟಲು ಸರಿಮಾಡಿಕೊಂಡ.

"ಟಿವಿಯಂಗೆ ಜಡ್ಜುಗಳ್ ಮಾಡ್ದ ಜಗಳ! ಎಲ್ಲಾ ಬರ್ದದ್ದ್ ನಾನೇ. ಅವ್ರ್ ಪರದೆ ಕಂಡ್ ಓದದ್ದ್. ವಿಜೇತಾ ಹಾಡಂಗೆ ಎಂತ ತಪ್ಪೂ ಇರ್ಲಿಲ್ಲೆ. ನಿಮ್ ಕೂಗಂಗೂ ಇಲ್ಲೆ."

ಚಂದ್ರಮತಿ ಅವನ ಮುಖವನ್ನೇ ನೋಡಿದಳು. "ಆ ಹೆಂಗ್ಸ್ ಪೆನ್ ಬಿಸಾಡದ್ದ್?"

"ಅದನ್ನೂ ಬರ್ದಿದ್ದೆ. ಆ ದಿನ ಬೆಳಿಗ್ಗೆ ಬಿಸಾಡೂದ್ ಮಾತ್ರ ರಿಹರ್ಸಲ್ ಮಾಡ್ದಾಗ ಪೆನ್ ಭಾರ್ಗವ್ ಸರ್ ಮೂಗಿಗೆ ಬಿತ್ತ್. ಮತ್ತೆ ಮೇಜಿನ್ ಮೇಲೆ ಬಿಸಾಡಿ ಅಂದೆ."

ಪದ್ದು ಕಿಸಕ್ಕನೆ ನಕ್ಕಳು. ಚಂದ್ರಮತಿ ನಗಲಿಲ್ಲ. ಮೆಲ್ಲಗೆ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ...

"ಎಂಥಾ ಹೈದ ನೀನ್! ನಿನ್ನ ಹೆತ್ತ ಅಬ್ಬಿ ಇದನ್ನೇ ಕಲ್ಸದ್ದಾ? ದುಡಿದ್ ತಿಂಬೋರಿಗೆ ಇಂಥಾ ಮಾತ್ ಹೇಳ್ಸೂದಾ? ಈ ಕೂಗಂಗೇ ನಾನ್ ಈ ಹೆಣ್ಣಿಗೆ ಅನ್ನ ಹಾಕಿದ್ದೆ! ಈ ಕೂಗಂಗೇ ಅದ್ ಹಾಡ್ ಕಲ್ತದ್ದ್! ಕೇಂತಾ ನಿಂಗೆ? ಕೇಂತಾ?"

ಸಂತೆಯೇ ಸ್ತಬ್ಧವಾಯಿತು! ಒಣಮೀನಿನ ಸಾಲಿನವರೂ ಕತ್ತು ಉದ್ದ ಮಾಡಿದರು. ಯಪ್ಪಾ, ಏನು ದನಿ ಅದು!  ವೇದಿಕೆಯ ಮೇಲೆ ಬಾರದ ವಿಜೇತಾಳ ಕಣ್ಣೀರು ಈಗ ಧಾರೆಯಾಗಿ ಇಳಿಯಿತು.

"ಕೇಂತಮ್ಮಾ," ಎಂದ ಶೈಲೇಶ್ ತಲೆ ತಗ್ಗಿಸಿ.

"ಕೇಂಡ್ರೆ ಕೂಕೊ ಇಲ್ಲಿ! ಈ ಬಸಳೆ ಪೂರಾ ಖಾಲಿ ಆಪತನಕ ಏಳುಕಾಗ!" ಎಂದವಳೇ ಅದೇ ಉಸಿರಿನಲ್ಲಿ ಜನರ ಕಡೆ ತಿರುಗಿದಳು. "ಬನ್ನೀ... ಬಸಳೇ...! ಎಳೇ ಬಸಳೇ...!"

ಹೇಗೂ ಸುತ್ತ ನೆರೆದಿದ್ದ ಜನ. ಕೈಗಳು ಮುಂದೆ ಬಂದವು. ಶೈಲೇಶ್ ಗೋಣಿಯ ಮೂಲೆಯಲ್ಲಿ ಕೂತು ಕಟ್ಟುಗಳನ್ನು ಎತ್ತಿಕೊಟ್ಟ. ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಸಂತೆಯ ವೀಡಿಯೊ ತಲುಪಬೇಕಾದವರಿಗೆ ತಲುಪಿತ್ತು. ಅವನು ತೆಗೆದು ನೋಡಲಿಲ್ಲ.

ಗಿರಾಕಿಗಳು ಕಡಿಮೆಯಾದ ಮೇಲೆ ವಿಜೇತಾ ಅವನ ಪಕ್ಕ ಬಂದು ಕೂತಳು. ಮುಖ ಇನ್ನೂ ಬಿಗಿದೇ ಇತ್ತು.

"ಕೆಲ್ಸ?"

"ಹೋಪ್ದೇ."

"ಪಶ್ಚಾತ್ತಾಪ ಇತ್ತಾ?"

"ಕೆಲ್ಸದ್ದಾ? ಇಲ್ಲೆ. ನಿನ್ ಮಾತ್ ಮಾರದ್ದಕ್ಕೆ ಇತ್ತ್. ಜೀವ ಇಪ್ಪತನಕ ಇರತ್ತ್."

ಅವಳು ಗೋಣಿಯ ದಾರ ಎಳೆಯುತ್ತ ಕೂತಳು. ಒಂದು ಪ್ರಶ್ನೆ ಆ ದಿನದಿಂದಲೂ ಕೊರೆಯುತ್ತಿತ್ತು. ಕೇಳಬಾರದು, ಕೇಳಲೇಬಾರದು ಎಂದುಕೊಂಡೇ ಕೇಳಿದಳು.

"ಆ ಹೊಗಳಿದ್ದ್... ಅದನ್ನೂ ಅವ್ರೇ ಹೇಳಿ ಬರ್ಸಿದ್ದಾ?"

"ಇಲ್ಲೆ." ಶೈಲೇಶನ ದನಿ ಇಳಿಯಿತು. "ಜಗಳ ಬೇಕ್ ಅಂದದ್ದ್ ಅವ್ರ್. ಮನಿಗ್ ಹೋಯ್ಕ್ ಅನ್ಸತ್ತ್, ಬೇರೆ ದನಿ ಕೇಂಬುಕಾತಿಲ್ಲೆ... ಅದೆಲ್ಲ ನನ್ ಮನ್ಸಂಗ್ ಇದ್ದದ್ದ್. ನಿನ್ ಎದ್ರ್ ಹೇಳುಕೆ ಧೈರ್ಯ ಇರ್ಲಿಲ್ಲೆ. ಯಾಮಿನಿ ಮೇಡಂ ಬಾಯಂಗೆ ಇಟ್ಟೆ."

ವಿಜೇತಾ ಅವನ ಕಡೆಗೆ ತಿರುಗಿದಳು. ಎದೆ ಡವಗುಟ್ಟುತ್ತಿತ್ತು. ಜೊತೆಗೇ ಸಿಟ್ಟೂ ಉಕ್ಕುತ್ತಿತ್ತು!

"ಅದಕ್ಕೂ ಬಾಡಿಗೆ ಬಾಯಿ ಬೇಕಾ ನಿಂಗೆ? ಪ್ರೀತಿ ಹೇಳುಕೂ ಜಡ್ಜ್ ಬೇಕಾ? ಊರಿಗೆಲ್ಲ ನೀನ್ ಮಾತ್ ಬರ್ದ್ ಕೊಡ್ತೆ, ನಿಂಗ್ ಬಾಯಿಲ್ಯಾ?"

"ಇತ್ತ್..."

"ಇದ್ರೆ ಹೇಳ್!"

ಯಾರ್ಯಾರದೋ ಬಾಯಿಗೆ ಪುಟಗಟ್ಟಲೆ ಮಾತು ತುರುಕಿದವನು ಈಗ ಬೆವೆತುಹೋದ. ಕೈಯಲ್ಲಿದ್ದ ಬಸಳೆ ಕಟ್ಟನ್ನು ಅತ್ತಿಂದಿತ್ತ ಮಾಡಿದ. ಪದ್ದು ಕಿವಿ ನಿಮಿರಿಸಿದ್ದೂ ಕಂಡಿತು.

"ನಂಗೆ... ನಿನ್ ಕಂಡ್ರೆ... ಅಂದ್ರೆ ಆ ದಿನ ನೀನ್ ಬೈದ್ಯಲ್ಲ, ಆಗ್ಳಿಂದ... ನಂಗೆ ನೀನ್ ಬೇಕ್ ವಿಜೇತಾ. ಮುಂದೆ ಎಂತ ಹೇಳೂದ್ ಗೊತ್ತಾತಿಲ್ಲೆ."

"ಸಾಕ್," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತ. "ಇಷ್ಟ್ ಕೆಟ್ಟದಾಗ್ ಯಾರೂ ಬರ್ದ್ ಕೊಡೂದಿಲ್ಲೆ. ಇದನ್ನ್ ನಂಬುಕಾತ್ತ್."

ಅವನು ಹೆದರಿ ಹೆದರಿ ಅವಳ ಬೆರಳು ಮುಟ್ಟಿದ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಸಿಟ್ಟ್ ಹೋಯ್ತಾ?"

"ಇಲ್ಲೆ. ಇನ್ನ್ ಸುಮಾರ್ ವರ್ಷ ಇರತ್ತ್ ಅದ್," ಎಂದಳು ವಿಜೇತಾ. "ನೀನೂ ಇರ್."